ಅಕ್ಕನ ತಟ್ಟೆಯ ಮೊದಲ ತುತ್ತು

ಆಸ್ಪತ್ರೆಯ ಹಿಂದಿನ ಕಟ್ಟಡದಲ್ಲಿ, ನೆಲಮಾಳಿಗೆಗೆ ಇಳಿಯುವ ಮೆಟ್ಟಿಲ ಪಕ್ಕದಲ್ಲಿ, ಒಂದು ಪುಟ್ಟ ಕಿಟಕಿ ಇದೆ. ಅದರ ಮೇಲೆ ‘ಮಾದರಿ ಸ್ವೀಕಾರ’ ಎಂದು ಬರೆದಿದ್ದಾರೆ. ಯಾವ ಮಾದರಿ ಎಂದು ಬರೆದಿಲ್ಲ. ಬರೆಯಲು ಬಂದವನಿಗೆ ನಾಚಿಕೆಯಾಗಿರಬೇಕು. ನಾವು ಹೇಳಿಬಿಡೋಣ: ಮಲ. ಈ ಕಥೆಯ ಮನುಷ್ಯ ಹದಿನಾರು ವರ್ಷದಿಂದ ಆ ಕಿಟಕಿಯ ಹಿಂದೆ ಕುಳಿತು ಜನ ತಂದುಕೊಡುವ ಮಲದ ಡಬ್ಬಿಗಳನ್ನು ಎರಡೂ ಕೈ ಚಾಚಿ ತೆಗೆದುಕೊಳ್ಳುತ್ತಿದ್ದಾನೆ. ಇದರಲ್ಲಿ ಮುಖ ಮುಚ್ಚಿಕೊಳ್ಳುವಂಥದ್ದೇನಿದೆ ಎನ್ನುವುದು ಅವನ ಪ್ರಶ್ನೆ. ಉಂಡವರೆಲ್ಲ ಮಾಡುವ ಕೆಲಸ ತಾನೇ.

ಆಸ್ಪತ್ರೆಯವರು ಅವನನ್ನು ಡಬ್ಬಿ ಸಾಹೇಬ್ರು ಎನ್ನುತ್ತಾರೆ. ‘ಸಾಹೇಬ್ರು’ ಎನ್ನುವಾಗ ಸ್ವಲ್ಪ ನಗುತ್ತಾರೆ. ಚಹಾದ ಹೊತ್ತಿಗೆ ಅವನು ಬೆಂಚಿನ ತುದಿಗೆ ಬಂದು ಕುಳಿತರೆ ಉಳಿದವರಿಗೆ ತಕ್ಷಣ ಏನೋ ಕೆಲಸ ನೆನಪಾಗುತ್ತದೆ. ಕೈಯನ್ನು ಮೊಣಕೈವರೆಗೆ ಸೋಪು ಹಾಕಿ ತಿಕ್ಕಿ ಬಂದವನ ಪಕ್ಕ ಕುಳಿತು ಬಿಸ್ಕತ್ತು ತಿನ್ನಲು ಆಗದಷ್ಟು ನಾಜೂಕಿನ ಜನ! ಎಕ್ಸ್‌ರೇ ಕೋಣೆಯವನು ಮೂಗು ಸೀಟಿ ಅದೇ ಕೈಯಲ್ಲಿ ಲೋಟ ಹಿಡಿಯುತ್ತಾನೆ, ಅವನ ಪಕ್ಕದಲ್ಲೋ ಜನ ತುಂಬಿ ಕೂರಲು ಜಾಗವೇ ಸಿಗುವುದಿಲ್ಲ. ಸಾಹೇಬ ಇದನ್ನು ಮನಸ್ಸಿಗೆ ಹಚ್ಚಿಕೊಂಡವನಲ್ಲ. ಹಚ್ಚಿಕೊಂಡಿಲ್ಲ ಎಂದು ಅವನೇ ಹೇಳುತ್ತಾನೆ, ನಾವು ನಂಬೋಣ.

ಕೆಲಸದಲ್ಲಿ ಮಾತ್ರ ಅವನನ್ನು ಬೆರಳು ತೋರಿಸಿ ಆಡಿಕೊಳ್ಳುವಂತಿಲ್ಲ. ಮಲ ಹೊರಬಿದ್ದ ಹೊತ್ತಿನಿಂದ ಎರಡು ಗಂಟೆಯೊಳಗೆ ಫ್ರೀಜರಿಗೆ ಸೇರಬೇಕು, ಅದು ನಿಯಮ. ಚೀಟಿಯಲ್ಲಿ ಬರೆದ ಹೊತ್ತು ನೋಡಬೇಕು, ತೂಗಬೇಕು, ಪುಟ್ಟ ಚಮಚದಿಂದ ನಾಲ್ಕು ಕೊಳವೆಗಳಿಗೆ ಸಮನಾಗಿ ಹಂಚಬೇಕು, ಸೊನ್ನೆಗಿಂತ ಎಂಬತ್ತು ಡಿಗ್ರಿ ಕೆಳಗಿರುವ ದೊಡ್ಡ ಪೆಟ್ಟಿಗೆಯಲ್ಲಿ ಇಡಬೇಕು. ಕೊಳವೆಯ ಮೇಲೆ ಬರೀ ನಂಬರು, ಹೆಸರಿಲ್ಲ. ಕೆಲವು ವರ್ಷಗಳಿಂದ ಬರುತ್ತಿರುವ ಡಬ್ಬಿಗಳಲ್ಲಿ ಹೆಚ್ಚಿನವು ದೊಡ್ಡ ಡಾಕ್ಟರಮ್ಮನ ಅಧ್ಯಯನದವು. ಸ್ಕಿಜೋಫ್ರೇನಿಯಾ ಇರುವವರ ಕರುಳಿನಲ್ಲಿ ಯಾವ ಯಾವ ಸೂಕ್ಷ್ಮಜೀವಿಗಳಿವೆ, ಇಲ್ಲದವರ ಕರುಳಿನಲ್ಲಿ ಯಾವುವು, ಅವು ಏನೇನು ತಯಾರಿಸುತ್ತವೆ ಎಂದು ಹೋಲಿಸಿ ನೋಡುವ ಕೆಲಸ. ಆಸ್ಪತ್ರೆಯ ಪಡ್ಡೆ ಡಾಕ್ಟರುಗಳು ಇದಕ್ಕೆ ‘ಹೊಟ್ಟೆ-ತಲೆ’ ಎಂದು ಹೆಸರಿಟ್ಟಿದ್ದರು. ಸಾಹೇಬ ಆ ತಮಾಷೆಗೆ ನಗುತ್ತಿರಲಿಲ್ಲ. ಅವನ ಮನೆಯಲ್ಲಿ ಅಕ್ಕ ಇದ್ದಳು.

ಅಕ್ಕ ಅವನಿಗಿಂತ ಒಂಬತ್ತು ವರ್ಷ ದೊಡ್ಡವಳು. ಅಪ್ಪ ಮೊದಲೇ ಹೋಗಿದ್ದ. ಅಮ್ಮ ಹೋದಾಗ ಇವನಿಗೆ ಒಂಬತ್ತು, ಅವಳಿಗೆ ಹದಿನೆಂಟು. ಸಮವಸ್ತ್ರ ಹೊಲಿಯುವ ಒಂದು ಕಾರ್ಖಾನೆಯಲ್ಲಿ ಅವಳು ಬಟ್ಟೆ ಕತ್ತರಿಸುವ ಕೆಲಸಕ್ಕೆ ಸೇರಿಕೊಂಡಳು. ಒಂದರ ಮೇಲೊಂದು ನಲವತ್ತು ಪದರ ಬಟ್ಟೆ ಹಾಸಿ, ಸೀಮೆಸುಣ್ಣದ ಗೆರೆ ಎಳೆದು ಕತ್ತರಿಸಬೇಕು. ಗೆರೆ ಒಂದು ನೂಲಿನಷ್ಟು ಆಚೀಚೆಯಾದರೆ ನಲವತ್ತು ಅಂಗಿ ಹಾಳು. ಅವಳ ಕಣ್ಣಳತೆ ಎಂಥದ್ದೆಂದರೆ ಮೇಸ್ತ್ರಿ ಟೇಪು ಹಿಡಿದು ಅಳೆದು ಅಳೆದು ಸೋತು, ಕೊನೆಗೆ ಟೇಪೇ ಸರಿಯಿಲ್ಲ ಎಂದು ಬೇರೆ ತರಿಸಿದನಂತೆ. ಆ ಕಣ್ಣಳತೆಯಿಂದ ತಮ್ಮನನ್ನು ಓದಿಸಿದಳು, ಉಣ್ಣಿಸಿದಳು, ಬೆಳೆಯುತ್ತಿದ್ದ ಅವನ ಷರಾಯಿಗಳ ಮಡಿಕೆಯನ್ನು ವರ್ಷಕ್ಕೆರಡು ಸಲ ಬಿಚ್ಚಿ ಉದ್ದ ಮಾಡಿದಳು.

ಅವಳಿಗೆ ಇಪ್ಪತ್ತೇಳಾದಾಗ ಒಂದು ದಿನ ಮಧ್ಯಾಹ್ನವೇ ಮನೆಗೆ ಬಂದು, ಯಾರೋ ನನ್ನ ಸೀಮೆಸುಣ್ಣದ ಗೆರೆಗಳನ್ನು ಅಳಿಸಿ ಬೇರೆ ಎಳೆಯುತ್ತಿದ್ದಾರೆ ಎಂದಳು. ವಾರದ ಮೇಲೆ, ಮೇಲಿನವರು ನನ್ನ ಗಂಜಿಗೆ ಏನೋ ಬೆರೆಸುತ್ತಾರೆ, ಅದು ಹೊಟ್ಟೆಗೆ ಹೋದರೆ ನಾನು ಅಂದುಕೊಂಡದ್ದೆಲ್ಲ ಅವರಿಗೆ ಕೇಳಿಸುತ್ತದೆ ಎಂದಳು. ಅಕ್ಕ ತಮ್ಮ ಇದ್ದದ್ದೇ ಕೊನೆಯ ಮಹಡಿ. ಮೇಲೆ ನೀರಿನ ಟ್ಯಾಂಕು ಬಿಟ್ಟರೆ ಆಕಾಶ. ಹದಿನೆಂಟರ ತಮ್ಮ ಅಕ್ಕ ತಮಾಷೆ ಮಾಡುತ್ತಿದ್ದಾಳೆಂದು ಹೊಟ್ಟೆ ಹಿಡಿದುಕೊಂಡು ನಕ್ಕ. ಆ ನಗು ನೆನಪಾದಾಗಲೆಲ್ಲ ಈಗಲೂ ಅವನಿಗೆ ತನ್ನ ಕೆನ್ನೆಗೆ ತಾನೇ ಬಾರಿಸಿಕೊಳ್ಳಬೇಕು ಎನಿಸುತ್ತದೆ.

ಆಮೇಲಿನ ವರ್ಷಗಳನ್ನು ಉದ್ದಕ್ಕೆ ಹೇಳಿ ಪ್ರಯೋಜನವಿಲ್ಲ. ಕೆಲಸ ಹೋಯಿತು, ಆಸ್ಪತ್ರೆ ಬಂತು, ಗುಳಿಗೆ ಬಂತು. ಗುಳಿಗೆ ತಿಂದರೆ ಮೇಲಿನವರು ಮೆಲ್ಲಗೆ ಮಾತಾಡುತ್ತಿದ್ದರು, ಬಿಟ್ಟರೆ ಕೂಗುತ್ತಿದ್ದರು. ಊಟದ ಮೇಲಿನ ಅನುಮಾನ ಮಾತ್ರ ಹೋಗಲಿಲ್ಲ. ಹನ್ನೊಂದು ವರ್ಷದ ಹಿಂದೆ ಆರು ದಿನ ಒಂದಗುಳೂ ಮುಟ್ಟದೆ ಮಲಗಿಬಿಟ್ಟಳು. ಆಸ್ಪತ್ರೆಯಲ್ಲಿ ಇಬ್ಬರು ಹಿಡಿದುಕೊಂಡು, ಮೂಗಿನೊಳಗೆ ನಳಿಕೆ ಇಳಿಸಿ ಹಾಲು ಹೊಯ್ದರು. ಅವಳು ಕಣ್ಣು ತಿರುಗಿಸಿ ತಮ್ಮನನ್ನೇ ನೋಡುತ್ತಿದ್ದಳು. ಇನ್ನೊಮ್ಮೆ ಈ ನಳಿಕೆ ಇವಳ ಹತ್ತಿರ ಬರಬಾರದು ಎಂದು ಅವನು ಅವತ್ತೇ ತೀರ್ಮಾನಿಸಿದ.

ಮನೆಗೆ ಕರೆತಂದ ಮೇಲೆ ಅವನೇ ಒಂದು ದಾರಿ ಹುಡುಕಿದ. ಅಡುಗೆ ಅವಳ ಕಣ್ಣೆದುರೇ ಆಗಬೇಕು. ಬಡಿಸಿದ ಮೇಲೆ ಅವಳ ತಟ್ಟೆಯಿಂದ ಮೊದಲ ತುತ್ತು ಅವನು ತಿನ್ನಬೇಕು. ಅವನ ಮುಖ ನೋಡುತ್ತ ಅವಳು ಮನಸ್ಸಿನಲ್ಲೇ ನೂರರವರೆಗೆ ಎಣಿಸುತ್ತಾಳೆ. ನೂರಾದರೂ ಅವನಿಗೆ ಏನೂ ಆಗದಿದ್ದರೆ ಚಮಚ ಎತ್ತುತ್ತಾಳೆ, ಆಮೇಲೆಯೇ ಅವನು ತನ್ನ ತಟ್ಟೆ ಮುಟ್ಟುತ್ತಾನೆ. ಊಟವಾದ ಮೇಲೆ ಗುಳಿಗೆಯನ್ನು ಅವಳೇ ಹಾಳೆಯಿಂದ ಒತ್ತಿ ತೆಗೆದು ನುಂಗುತ್ತಾಳೆ. ಹನ್ನೊಂದು ವರ್ಷ, ದಿನಕ್ಕೆ ಎರಡು ಹೊತ್ತು, ಇದು ತಪ್ಪಲಿಲ್ಲ. ಮಧ್ಯಾಹ್ನ ಒಂದಾಯಿತೆಂದರೆ ಸಾಹೇಬ ಕಿಟಕಿ ಮುಚ್ಚಿ ಸೈಕಲ್ ಹತ್ತುತ್ತಿದ್ದ, ಎರಡಕ್ಕೆ ವಾಪಸು. ಮದುವೆ, ಊರೂರು ತಿರುಗಾಟ, ಗೆಳೆಯರ ಮನೆಯ ಊಟ, ಯಾವುದೂ ಆ ಒಂದು ಗಂಟೆಗೆ ಹೊಂದಿಕೊಳ್ಳಲಿಲ್ಲ. ರಕ್ತ ತೆಗೆಯುವ ವಿಭಾಗದ ಒಬ್ಬಾಕೆ ಇವನ ಮೇಲೆ ಮನಸ್ಸಿಟ್ಟು ಒಮ್ಮೆ ಊಟಕ್ಕೆ ಬಂದಿದ್ದಳು. ತುತ್ತು ತಿನ್ನುವುದನ್ನೂ ಎಣಿಸುವುದನ್ನೂ ಸುಮ್ಮನೆ ಕುಳಿತು ನೋಡಿದಳು. ಇಳಿಯುವಾಗ ಮೆಟ್ಟಿಲ ಮೇಲೆ ನಿಂತು, “ನಿಮ್ಮಿಬ್ಬರ ಮಧ್ಯೆ ಮೂರನೇ ತಟ್ಟೆ ಇಡೋಕೆ ಜಾಗ ಇಲ್ಲ ಅಲ್ವಾ?” ಎಂದಳು. ಕೋಪದಿಂದ ಹೇಳಲಿಲ್ಲ. ಮತ್ತೆ ಊಟಕ್ಕೆ ಬರಲೂ ಇಲ್ಲ.

ಹೀಗಿರುವಾಗ ಡಾಕ್ಟರಮ್ಮ ಒಂದು ಸಂಜೆ ರೋಗಿಗಳ ಮನೆಯವರನ್ನೂ ಸಿಬ್ಬಂದಿಯನ್ನೂ ಕರೆದು, ಅಧ್ಯಯನ ಎಲ್ಲಿಗೆ ಬಂದಿದೆ ಎಂದು ಹೇಳಲು ನಿಂತರು. ಸಾಹೇಬ ಕೊನೆಯ ಸಾಲಿನಲ್ಲಿ ಕುಳಿತ. ಕುರ್ಚಿ ಜೋಡಿಸಿದವನೇ ಅವನು, ಕೂರಲು ಯಾರ ಅಪ್ಪಣೆ ಬೇಕು.

“ನಮ್ಮ ಕರುಳಲ್ಲಿ ಕೋಟಿಗಟ್ಟಲೆ ಸೂಕ್ಷ್ಮಜೀವಿಗಳು ಇರ್ತವೆ,” ಎಂದರು ಡಾಕ್ಟರಮ್ಮ. “ನಾವು ತಿಂದ ನಾರು ನಮಗೆ ಅರಗಲ್ಲ, ಅವು ಅರಗಿಸ್ತವೆ. ಅರಗಿಸೋವಾಗ ಕೆಲವು ಪದಾರ್ಥ ತಯಾರಿಸ್ತವೆ. ಅವುಗಳಲ್ಲಿ ಕೆಲವು ರಕ್ತ ಸೇರಿ ಮಿದುಳಿನ ಮೇಲೂ ಪ್ರಭಾವ ಬೀರಬಹುದು ಅಂತ ಅನುಮಾನ. ಈ ಚಿತ್ರ ನೋಡಿ. ಕಾಯಿಲೆ ಇಲ್ಲದವರಲ್ಲಿ ಈ ಗುಂಪಿನ ಜೀವಿಗಳು ಇಷ್ಟಿವೆ. ಕಾಯಿಲೆ ಇರೋರಲ್ಲಿ ಇಷ್ಟು.”

ಗೋಡೆಯ ಮೇಲೆ ಎರಡು ಪಟ್ಟಿಗಳಿದ್ದವು, ಒಂದು ಎತ್ತರ, ಒಂದು ಗಿಡ್ಡ. ಸಾಹೇಬ ಬಾಯಿ ತೆರೆದುಕೊಂಡು ನೋಡಿದ. ಆ ಪಟ್ಟಿಗಳು ಅವನದೇ ಕೊಳವೆಗಳಿಂದ ಬಂದವು, ಅವನು ಚಮಚದಲ್ಲಿ ಹಂಚಿದ್ದು. ಇಪ್ಪತ್ತೆಂಟು ವರ್ಷದಿಂದ ಅಕ್ಕನ ತಲೆಯಲ್ಲಿ ಏನು ಕೆಟ್ಟಿತು ಎಂದು ಒದ್ದಾಡಿದವನಿಗೆ, ಕೆಟ್ಟದ್ದು ತಲೆಯಲ್ಲ, ಹೊಟ್ಟೆ ಎಂದು ಯಾರೋ ಕಿವಿಯಲ್ಲಿ ಹೇಳಿದಂತಾಯಿತು. ಹೊಟ್ಟೆಯ ವಿಚಾರ ತನಗೆ ಗೊತ್ತು. ಹೊಟ್ಟೆಯನ್ನು ತಾನು ಸರಿಮಾಡಬಲ್ಲೆ!

ಅಷ್ಟರಲ್ಲಿ ಕೆಳಗಿನ ಕಿಟಕಿಯ ಗಂಟೆ ಬಾರಿಸಿತು. ಮುದುಕರೊಬ್ಬರು ಡಬ್ಬಿ ಹಿಡಿದು ನಿಂತಿದ್ದರು. ಬಸ್ಸು ಕೆಟ್ಟಿತಂತೆ, ಎರಡು ಗಂಟೆಯ ಗಡುವಿಗೆ ಹತ್ತೇ ನಿಮಿಷ ಉಳಿದಿತ್ತು. ಬೇರೆ ಯಾರಾದರೂ ಆಗಿದ್ದರೆ ನಾಳೆ ಬನ್ನಿ ಎನ್ನುತ್ತಿದ್ದರು. ಸಾಹೇಬ ಓಡಿದ, ತೂಗಿದ, ಹಂಚಿದ, ಫ್ರೀಜರಿನ ಬಾಗಿಲು ಹಾಕಿದ. ಮೇಲೆ ಬಂದು ನೋಡಿದರೆ ಭಾಷಣ ಮುಗಿದು ಕುರ್ಚಿಗಳು ಖಾಲಿಯಾಗಿದ್ದವು. ಅವುಗಳನ್ನು ಮಡಿಸಿಡುತ್ತ ಅವನು ಸಿಳ್ಳೆ ಹೊಡೆದ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ. ಅವನು ಕಟ್ಟಲು ಹೊರಟಿದ್ದ.

ಮರುದಿನ ಔಷಧಿ ಅಂಗಡಿಯಲ್ಲಿ ವಿಚಾರಿಸಿದ. ಒಳ್ಳೆಯ ಸೂಕ್ಷ್ಮಜೀವಿಗಳ ಪುಡಿ, ಪುಟ್ಟ ಪೊಟ್ಟಣಗಳಲ್ಲಿ ಬರುತ್ತದೆ. “ಎಲ್ಲರೂ ತಗೋತಾರೆ, ಏನೂ ಆಗಲ್ಲ,” ಎಂದ ಅಂಗಡಿಯವನು. ಮನೆಗೆ ತಂದು ಅಕ್ಕನೆದುರು ಇಟ್ಟ. ಅವನು ಮೊದಲು ಕೇಳಿದ್ದು ನಿಜ, ಅದನ್ನು ಹೇಳದಿದ್ದರೆ ಅವನಿಗೆ ಅನ್ಯಾಯವಾಗುತ್ತದೆ.

“ಏನಿದು?” ಎಂದಳು ಅಕ್ಕ.

“ಹೊಟ್ಟೆಗೆ ಒಳ್ಳೇದು ಅಕ್ಕ. ಇದರಲ್ಲಿ ಸಣ್ಣ ಸಣ್ಣ ಜೀವಿಗಳಿರ್ತವೆ.”

“ಜೀವ ಇರುತ್ತಾ?”

“ಹೂಂ. ಒಳಗೆ ಹೋಗಿ ಕೆಲಸ ಮಾಡ್ತವೆ.”

ಅಕ್ಕ ಕುರ್ಚಿಯನ್ನು ಹಿಂದಕ್ಕೆ ಸರಿಸಿದಳು. “ಜೀವ ಇರೋದನ್ನ ನನ್ನೊಳಗೆ ಬಿಡ್ತೀಯಾ ಮರಿ? ಮೇಲಿನವರು ಇನ್ನೇನು ಹೇಳಿದ್ರು?”

ಅವನು ಪೊಟ್ಟಣವನ್ನು ಜೇಬಿಗೆ ಹಾಕಿಕೊಂಡ. ಅಲ್ಲಿಗೆ ಬಿಟ್ಟಿದ್ದರೆ ಈ ಕಥೆ ಹೇಳುವ ಪ್ರಮೇಯವೇ ಬರುತ್ತಿರಲಿಲ್ಲ. ಆದರೆ ಎರಡು ದಿನ ಆ ಗಿಡ್ಡ ಪಟ್ಟಿ ಅವನ ಕಣ್ಣ ಮುಂದಿನಿಂದ ಹೋಗಲಿಲ್ಲ. ಮೂರನೆಯ ದಿನ ಮಧ್ಯಾಹ್ನ ಗಂಜಿ ಇಳಿಸಿ ಒಲೆಯ ಕಡೆ ತಿರುಗಿ, ಬೆನ್ನು ಅಡ್ಡ ಮಾಡಿಕೊಂಡು, ಅದು ಆರಿದ ಮೇಲೆ ಪೊಟ್ಟಣವನ್ನು ಹರಿದು ಅವಳ ತಟ್ಟೆಗೆ ಸುರಿದು ಕಲಸಿದ. ಮೊದಲ ತುತ್ತು ತಾನೇ ತಿಂದ. ನಾನೂ ತಿನ್ನುತ್ತಿದ್ದೇನಲ್ಲ, ಇದರಲ್ಲಿ ಮೋಸವೇನು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಅವಳು ನೂರು ಎಣಿಸುವಷ್ಟು ಹೊತ್ತೂ ಅವನಿಗೆ ಕಣ್ಣು ಎಲ್ಲಿಡಬೇಕೆಂದು ತಿಳಿಯಲಿಲ್ಲ.

ಆಮೇಲಿನ ದಿನಗಳು ಚೆನ್ನಾಗಿದ್ದವು. ಅದೇ ಅವನ ಗ್ರಹಚಾರ. ಅಕ್ಕ ಒಂದು ಬೆಳಗ್ಗೆ ಕಿಟಕಿಯ ಪರದೆ ಸರಿಸಿದಳು. ಇನ್ನೊಂದು ದಿನ ಅಮ್ಮ ಹೇಳುತ್ತಿದ್ದ ಯಾವುದೋ ಹಾಡಿನ ಎರಡು ಸಾಲು ಗುನುಗಿದಳು. ಮೇಲಿನವರ ವಿಷಯ ಕೇಳಿದರೆ, “ಅವರಿಗೂ ಬೇಸರ ಬಂದಿರ್ಬೇಕು ಬಿಡು,” ಎಂದಳು. ಸಾಹೇಬ ಆಸ್ಪತ್ರೆಗೆ ಸಿಳ್ಳೆ ಹೊಡೆಯುತ್ತ ಬರತೊಡಗಿದ. ಎಕ್ಸ್‌ರೇಯವನಿಗೂ ಗುಡ್‌ಮಾರ್ನಿಂಗ್ ಹೇಳಿದ! ಫ್ರೀಜರಿನ ಮುಂದೆ ನಿಂತು, ಒಳಗಿದ್ದ ಸಾವಿರಾರು ಕೊಳವೆಗಳಿಗೆ, “ಕಂಡುಹಿಡಿದೆ ಕಣ್ರಪ್ಪಾ,” ಎಂದು ಹೇಳಿಕೊಂಡ. ಹೇಳಿಕೊಳ್ಳಲು ಅವನಿಗೆ ಬೇರೆ ಯಾರೂ ಇರಲಿಲ್ಲ.

ಖಾಲಿ ಪೊಟ್ಟಣಗಳನ್ನು ಕಸದ ಬುಟ್ಟಿಗೆ ಹಾಕಿದರೆ ಅಕ್ಕ ನೋಡುತ್ತಾಳೆಂದು ಕೋಟಿನ ಒಳಜೇಬಿಗೆ ತುರುಕಿಕೊಳ್ಳುತ್ತಿದ್ದ, ಆಸ್ಪತ್ರೆಯಲ್ಲಿ ಎಸೆಯೋಣವೆಂದು. ಎಸೆಯಲು ಮರೆಯುತ್ತಿದ್ದ. ಸಂತೋಷದಲ್ಲಿರುವವನಿಗೆ ಜೇಬಿನ ನೆನಪೆಲ್ಲಿ? ಒಂದು ರಜೆಯ ಬೆಳಗ್ಗೆ ಅವನು ತರಕಾರಿ ತರಲು ಹೋದಾಗ, ಎಷ್ಟೋ ವರ್ಷಗಳ ಮೇಲೆ ಅಕ್ಕನಿಗೆ ಸೂಜಿ ಹಿಡಿಯುವ ಮನಸ್ಸಾಯಿತು. ತಮ್ಮನ ಕೋಟಿನ ಒಳಬಟ್ಟೆ ಬಿಚ್ಚಿಕೊಂಡಿದೆ, ಹೊಲಿದುಕೊಡೋಣ ಎಂದು ಮಡಿಲಿಗೆ ಎಳೆದುಕೊಂಡಳು.

ಅವನು ಬಂದಾಗ ಮೇಜಿನ ಮೇಲೆ ಪೊಟ್ಟಣಗಳು ಒಂದೇ ಗೆರೆಯಲ್ಲಿ, ಹರಿದ ಅಂಚು ಒಂದೇ ಕಡೆಗೆ ಬರುವಂತೆ ಜೋಡಿಸಲ್ಪಟ್ಟಿದ್ದವು.

“ಹತ್ತೊಂಬತ್ತು,” ಎಂದಳು ಅಕ್ಕ. ದನಿ ಏರಿರಲಿಲ್ಲ. “ಗಂಜಿ ಹುಳಿ ಹುಳಿ ಅನ್ನಿಸ್ತಿತ್ತು. ನನ್ನ ನಾಲಗೆಯೇ ಸರಿಯಿಲ್ಲ ಅಂದ್ಕೊಂಡೆ. ಇದು ನೀನಾಗೇ ಹಾಕಿದ್ದಾ ಮರಿ, ಅವರು ಹಾಕ್ಸಿದ್ದಾ?”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಸಾಹೇಬನ ಕೈ ಒಳಜೇಬಿನ ಕಡೆ ಹೋಯಿತು, ಮೈಮೇಲೆ ಕೋಟು ಇಲ್ಲದಿದ್ದರೂ. “ಇಲ್ಲ ಅಕ್ಕ,” ಎಂದ. “ಅದು ಲ್ಯಾಬಿನದು. ಅಲ್ಲಿ ಬಳಸ್ತೀವಿ. ಊಟಕ್ಕೆ ಏನೂ ಹಾಕಿಲ್ಲ.”

ಹನ್ನೊಂದು ವರ್ಷದಲ್ಲಿ ಅವಳಿಗೆ ಅವನು ಹೇಳಿದ ಮೊದಲ ಸುಳ್ಳು. ಅಕ್ಕ ಅವನ ಮುಖವನ್ನು ನೋಡಿದಳು. ಬಹುಶಃ ನೂರರವರೆಗೆ ಎಣಿಸಿದಳು. “ಸರಿ,” ಎಂದಳು. ಮಧ್ಯಾಹ್ನ ಊಟಕ್ಕೆ ಬರಲಿಲ್ಲ.

ಸಂಜೆಯೂ ಬರಲಿಲ್ಲ. ಮರುದಿನವೂ ಇಲ್ಲ. ಮೊದಲ ತುತ್ತು ತಿಂದು ಅವನು ಕಾದ, ಎರಡನೆಯದು ತಿಂದು ಕಾದ, ತಟ್ಟೆ ತಣ್ಣಗಾಯಿತು. ಗುಳಿಗೆಯ ಹಾಳೆ ಮುಂದಿಟ್ಟರೆ, “ಖಾಲಿ ಹೊಟ್ಟೆಗೆ ತಗೋಬಾರ್ದು ಅಂತ ಡಾಕ್ಟ್ರೇ ಹೇಳಿದ್ದಾರೆ,” ಎಂದಳು, ಕಾನೂನು ಬಲ್ಲವಳ ಹಾಗೆ. ನಲ್ಲಿಯಿಂದ ತಾನೇ ನೀರು ಹಿಡಿದು ಕುಡಿಯುತ್ತಿದ್ದಳು, ಅಷ್ಟೇ. ಮೂರನೆಯ ದಿನ ಮೇಲಿನವರು ಪೂರ್ತಿ ದನಿಯಲ್ಲಿ ವಾಪಸು ಬಂದರು. ಅಕ್ಕ ಮೂಲೆಯಲ್ಲಿ ಗೋಡೆಗೊರಗಿ, ಟ್ಯಾಂಕಿನ ಕಡೆ ಮುಖ ಮಾಡಿ ಉತ್ತರ ಕೊಡುತ್ತಿದ್ದಳು. “ಹೌದು ಹೌದು, ನೀವೇ ಸರಿ,” ಎನ್ನುತ್ತಿದ್ದಳು. ಸಾಹೇಬನಿಗೆ ನಳಿಕೆ ನೆನಪಾಯಿತು.

ನಾಲ್ಕನೆಯ ದಿನ ಡಾಕ್ಟರಮ್ಮನ ಕೋಣೆಗೆ ಹೋಗಿ, ನಿಂತೇ ಎಲ್ಲವನ್ನೂ ಹೇಳಿದ. ಡಾಕ್ಟರಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಆ ಚಿತ್ರ ಆದ್ಮೇಲೆ ಇನ್ನೂ ಆರು ಚಿತ್ರ ಇದ್ವು,” ಎಂದರು. “ನೀವು ಎದ್ದು ಹೋಗಿದ್ರಿ.”

“ಡಬ್ಬಿ ಬಂತು ಡಾಕ್ಟ್ರೇ. ಹತ್ತು ನಿಮಿಷ ಇತ್ತು.”

“ಗೊತ್ತು. ಆ ಆರರಲ್ಲಿ ಏನಿತ್ತು ಹೇಳ್ತೀನಿ, ಕೂತ್ಕೊಳ್ಳಿ. ಆ ಜೀವಿಗಳು ಕಾಯಿಲೆಯಿಂದ ಕಡಿಮೆಯಾದ್ವೋ, ಅವು ಕಡಿಮೆಯಾಗಿ ಕಾಯಿಲೆ ಬಂತೋ, ನಮಗೆ ಗೊತ್ತಿಲ್ಲ. ನಾವು ಕೊಡೋ ಗುಳಿಗೆಯಿಂದಲೂ ಅವು ಬದಲಾಗ್ತವೆ. ಊಟದಿಂದ, ಸಿಗರೇಟಿನಿಂದಲೂ. ಒಂದು ಊರಲ್ಲಿ ಕಂಡದ್ದು ಇನ್ನೊಂದು ಊರಲ್ಲಿ ಕಾಣ್ತಾ ಇಲ್ಲ. ಏನೋ ಸಂಬಂಧ ಇರಬಹುದು ಅನ್ನೋವರೆಗೆ ಬಂದಿದ್ದೀವಿ. ಪುಡಿ ಕೊಟ್ರೆ ಗುಣ ಆಗುತ್ತೆ ಅನ್ನೋ ಧೈರ್ಯ ನನಗೆ ಇವತ್ತಿಗೂ ಇಲ್ಲ. ನಿಮಗೆ ಅದು ಬಂದ್ಬಿಡ್ತು.”

“ಹತ್ತೊಂಬತ್ತು ದಿನ ಚೆನ್ನಾಗಿದ್ಲು ಡಾಕ್ಟ್ರೇ. ನಾನು ಕಣ್ಣಾರೆ ನೋಡಿದೀನಿ.”

“ಇರಬಹುದು. ಆ ದಿನಗಳಲ್ಲಿ ನೀವೂ ಚೆನ್ನಾಗಿದ್ರಿ, ನಾನು ಕಣ್ಣಾರೆ ನೋಡಿದೀನಿ. ಮನೇಲಿ ಒಬ್ಬರು ನಗ್ತಾ ಇದ್ರೆ ಇನ್ನೊಬ್ಬರಿಗೂ ಸ್ವಲ್ಪ ತಾಗುತ್ತೆ.” ಡಾಕ್ಟರಮ್ಮ ಕನ್ನಡಕವನ್ನು ಮತ್ತೆ ಹಾಕಿಕೊಂಡರು. “ಇವತ್ತು ಸಂಜೆಯೊಳಗೆ ಏನೂ ತಿನ್ನದಿದ್ರೆ ನಾವು ಕರ್ಕೊಂಡು ಬರಲೇಬೇಕಾಗುತ್ತೆ. ಅದಕ್ಕೆ ಮೊದಲು ಹೋಗಿ ನಿಜ ಹೇಳಿ.”

ಸಾಹೇಬನಿಗೆ ಸಿಟ್ಟು ಬಂತು. “ನಿಜ ಹೇಳಿದ್ರೆ ಮುಗೀತಲ್ಲ! ಊಟಕ್ಕೆ ಬೆರೆಸ್ತಾರೆ ಅನ್ನೋದೇ ಅವಳ ಕಾಯಿಲೆ. ಹೌದು ಬೆರೆಸಿದೆ ಅಂತ ನಾನೇ ಹೇಳ್ಲಾ? ಹನ್ನೊಂದು ವರ್ಷ ಒಂದೊಂದು ತುತ್ತು ತಿಂದು ಕಟ್ಟಿದ್ದು ಡಾಕ್ಟ್ರೇ ಅದು.”

“ಅದನ್ನ ನೀವೇ ಒಡೆದಾಯ್ತು. ಅವರು ಕೇಳಿದ ಪ್ರಶ್ನೆ ಸರಿಯಾಗಿತ್ತು. ಅವರಿಗೆ ಕೇಳಿಸೋ ದನಿಗಳು ಈಗಾಗಲೇ ಸುಳ್ಳು ಹೇಳ್ತಾ ಇವೆ. ಆ ಗುಂಪಿಗೆ ನೀವು ಸೇರಬೇಡಿ.”

ಸೈಕಲ್ಲಿನಲ್ಲಿ ಮನೆಗೆ ಹದಿನೈದು ನಿಮಿಷದ ದಾರಿ. ಅವತ್ತು ಅವನು ಸೈಕಲ್ ತಳ್ಳಿಕೊಂಡೇ ನಡೆದ. ಹೇಳಿದರೆ ಅವಳು ಇನ್ನೆಂದೂ ತನ್ನ ಕೈಯ ಅಡುಗೆ ಮುಟ್ಟುವುದಿಲ್ಲ. ಹೇಳದಿದ್ದರೆ ನಳಿಕೆ. ಅವನಿಗೆ ಇದ್ದದ್ದು ಒಬ್ಬ ಅಕ್ಕ, ಅವಳಿಗೂ ಅವನಿಗೂ ನಡುವೆ ಉಳಿದಿದ್ದದ್ದು ಆ ಒಂದು ತಟ್ಟೆ. ಸಲಹೆ ಕೇಳಲು ಅಮ್ಮನೂ ಇಲ್ಲ, ಗೆಳೆಯನೂ ಇಲ್ಲ. ರಸ್ತೆಯ ತುಂಬ ಜನ ಚೀಲ ಹಿಡಿದು ತಮ್ಮ ತಮ್ಮ ಮನೆಗೆ ಹೋಗುತ್ತಿದ್ದರು.

ಅಕ್ಕ ಮೂಲೆಯಲ್ಲೇ ಇದ್ದಳು, ತುಟಿ ಒಡೆದಿತ್ತು. ಅವನು ಎದುರಿಗೆ ನೆಲದ ಮೇಲೆ ಕುಳಿತ.

“ಅಕ್ಕ, ಪುಡಿ ಹಾಕಿದ್ದು ನಾನೇ. ಹತ್ತೊಂಬತ್ತು ದಿನ. ಯಾರೂ ಹೇಳಿಸಿದ್ದಲ್ಲ, ನನ್ನದೇ ಬುದ್ಧಿ. ನಿನಗೆ ಗುಣ ಆಗುತ್ತೆ ಅಂದ್ಕೊಂಡೆ. ಅವತ್ತು ಸುಳ್ಳು ಹೇಳಿದೆ.” ಅಷ್ಟು ಹೇಳುವಷ್ಟರಲ್ಲಿ ಅವನಿಗೆ ಅಳು ಬಂತು. ನಲವತ್ತಾರು ವರ್ಷದವನು ಮೂಗು ಸೋರಿಸಿಕೊಂಡು ಅತ್ತ. “ತಪ್ಪಾಯ್ತು. ಹೊಟ್ಟೆಗೆ ಹಾಕ್ಕೋ.”

ಅಕ್ಕ ಟ್ಯಾಂಕಿನ ಕಡೆ ಒಮ್ಮೆ ನೋಡಿದಳು, ಇವನ ಕಡೆ ಒಮ್ಮೆ.

“ಹಾಗಾದ್ರೆ ಈ ಒಂದು ಸಲ ನಾನು ಸರಿ.”

“ನೀನೇ ಸರಿ ಅಕ್ಕ.”

“ನನ್ನ ನಾಲಗೆ ಸರಿಯಾಗೇ ಇತ್ತು.”

“ಸರಿಯಾಗೇ ಇತ್ತು.”

“ಬರೆದು ಕೊಡು.”

ಅವನು ಬರೆದುಕೊಟ್ಟ. ತಾನೇ ಬೆರೆಸಿದ್ದು, ಯಾರೂ ಹೇಳಿಸಿದ್ದಲ್ಲ, ಅಕ್ಕನ ನಾಲಗೆ ಸರಿಯಾಗಿದೆ ಎಂದು ಬರೆದು ತಾರೀಕು ಹಾಕಿ ಸಹಿ ಮಾಡಿದ. ಅಕ್ಕ ಎರಡು ಸಲ ಓದಿ, ಅಂಚಿಗೆ ಅಂಚು ಕೂಡಿಸಿ ಮಡಿಸಿ, ರವಿಕೆಯೊಳಗೆ ಇಟ್ಟುಕೊಂಡಳು. “ನಿನ್ನ ಕೈಯಿಂದ ಇನ್ನು ತಿನ್ನಲ್ಲ ಮರಿ,” ಎಂದಳು. “ಆಸ್ಪತ್ರೇಲಿ ದೊಡ್ಡ ಪಾತ್ರೇಲಿ ಮಾಡ್ತಾರಲ್ಲ, ಅದನ್ನ ತಿಂತೀನಿ. ನೂರು ಜನರ ಅಡುಗೆಗೆ ಏನಾದ್ರೂ ಬೆರೆಸ್ತಾ ಕೂರೋಕೆ ಯಾರಿಗೂ ಪುರುಸೊತ್ತಿರಲ್ಲ. ಒಬ್ಬಳಿಗೇ ಅಂತ ಮಾಡಿದ್ರೇನೇ ಕಷ್ಟ.”

ಈ ಮಾತಿನಲ್ಲಿ ತಪ್ಪು ಹುಡುಕಲು ಡಾಕ್ಟರಮ್ಮನಿಗೂ ಆಗಲಿಲ್ಲ. ಅಕ್ಕ ತಾನೇ ನಡೆದುಕೊಂಡು ಬಂದು ವಾರ್ಡಿಗೆ ಸೇರಿದಳು. ದೊಡ್ಡ ಪಾತ್ರೆಯಿಂದ ಬಡಿಸಿದ ಗಂಜಿಯನ್ನು, ಅಕ್ಕಪಕ್ಕದವರು ಉಣ್ಣುವುದನ್ನು ನೋಡಿಕೊಂಡು, ತಾನೂ ಉಂಡಳು. ಗುಳಿಗೆ ನುಂಗಿದಳು. ತಿಂಗಳೊಳಗೆ ಮೇಲಿನವರ ದನಿ ಮೊದಲಿನಷ್ಟಕ್ಕೆ ಇಳಿಯಿತು. ಆಸ್ಪತ್ರೆಯ ಪಕ್ಕದಲ್ಲೇ, ಇಂಥವರು ವರ್ಷಗಟ್ಟಲೆ ಇರಬಹುದಾದ ಒಂದು ಮನೆಯಿದೆ, ಅಲ್ಲೊಂದು ಹೊಲಿಗೆಯ ಕೋಣೆ. ಅಕ್ಕ ವಾರ್ಡಿನಿಂದ ಅಲ್ಲಿಗೆ ಹೋಗಿ ಹಾಸಿಗೆಯ ಚಾದರಗಳನ್ನು ಕತ್ತರಿಸಲು ಕೂತಳು, ಗೆರೆ ತಪ್ಪಲಿಲ್ಲ. ಆರು ತಿಂಗಳಾದ ಮೇಲೆ ಕರೆದು ಕೇಳಿದರು, ತಮ್ಮನ ಜೊತೆ ಮನೆಗೆ ಹೋಗ್ತೀರಾ ಎಂದು. ಸಾಹೇಬ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ.

“ಅವನು ಒಳ್ಳೆಯವನು,” ಎಂದಳು ಅಕ್ಕ. “ನಿಜ ಹೇಳ್ತಾನೆ, ಬರೆದು ಕೊಟ್ಟಿದ್ದಾನೆ. ಭಾನುವಾರ ಹೋಗಿ ಬರ್ತೀನಿ. ಊಟ ಮಾಡ್ಕೊಂಡೇ ಹೋಗ್ತೀನಿ.”

ಒಂಟಿ ಮನುಷ್ಯನಿಗೆ ಅಡುಗೆ ಮಾಡುವುದು ಎಷ್ಟು ಕಷ್ಟವೆಂದು ಸಾಹೇಬನಿಗೆ ಆಗ ತಿಳಿಯಿತು. ಯಾವ ಪಾತ್ರೆಯೂ ಅಷ್ಟು ಸಣ್ಣದಿರುವುದಿಲ್ಲ. ಮಧ್ಯಾಹ್ನ ಒಂದಕ್ಕೆ ಕಿಟಕಿ ಮುಚ್ಚಿ, ಸೈಕಲ್ಲಿನ ತನಕ ಹೋಗಿ, ಮನೆಯಲ್ಲಿ ಕಾಯುವವರಿಲ್ಲವೆಂದು ನೆನಪಾಗಿ ಹಿಂದಿರುಗುತ್ತಿದ್ದ. ಅಕ್ಕ ಇರುವ ಆ ಮನೆಯವರನ್ನೂ ಈಗ ಅಧ್ಯಯನಕ್ಕೆ ಸೇರಿಸಿಕೊಂಡಿದ್ದರಿಂದ ತಿಂಗಳಿಗೊಮ್ಮೆ ಅಲ್ಲಿಂದ ಎಂಟು ಡಬ್ಬಿ ಬರುತ್ತವೆ, ಬರೀ ನಂಬರು. ಅವುಗಳಲ್ಲಿ ಒಂದು ಅಕ್ಕನದು. ಯಾವುದೆಂದು ಅವನಿಗೆ ಗೊತ್ತಿಲ್ಲ, ಕೇಳುವಂತೆಯೂ ಇಲ್ಲ. ಎಂಟನ್ನೂ ಒಂದೇ ಎಚ್ಚರದಿಂದ ಹಂಚುತ್ತಾನೆ.

ಮೊದಲ ಭಾನುವಾರ ಅಕ್ಕ ಎರಡು ಗಂಟೆಗೆ ಬಂದಳು. ಮೈ ತುಂಬಿಕೊಂಡಿತ್ತು. ಮನೆಯನ್ನೆಲ್ಲ ಒಂದು ಸುತ್ತು ನೋಡಿ, ಕುರ್ಚಿಯ ಮೇಲೆ ಕೂತು, “ಊಟ ಆಯ್ತಾ?” ಎಂದಳು. ಆಯಿತು ಎನ್ನಲು ಬಾಯಿ ತೆರೆದ ಸಾಹೇಬ, “ಇಲ್ಲ,” ಎಂದ.

“ಮಾಡ್ಕೊಂಡು ಉಣ್ಣು. ನಾನು ಕೂತಿರ್ತೀನಿ.”

ಅವನು ತರಕಾರಿ ಹೆಚ್ಚಿ ಬೇಯಿಸಿಕೊಂಡ, ಬ್ರೆಡ್ಡು ತಟ್ಟೆಗೆ ಹಾಕಿಕೊಂಡು ಅವಳೆದುರು ಕೂತ. ಅಕ್ಕ ಅವನು ತಿನ್ನುವುದನ್ನೇ ನೋಡಿದಳು.

“ಉಪ್ಪು ಸರಿ ಇದೆಯಾ?”

“ಸ್ವಲ್ಪ ಕಡಿಮೆ.”

“ನೀನು ಯಾವಾಗ್ಲೂ ಕಡಿಮೆನೇ ಹಾಕ್ತಿದ್ದೆ. ಹನ್ನೊಂದು ವರ್ಷವೂ ಸಪ್ಪೆ.”

ಸಾಹೇಬ ನಕ್ಕುಬಿಟ್ಟ. “ಒಂದು ಮಾತು ಹೇಳ್ಬಾರ್ದಿತ್ತಾ ಅಕ್ಕ?”

“ಹೇಗೆ ಹೇಳ್ಲಿ? ಇನ್ನು ಸ್ವಲ್ಪ ಹಾಕು ಅಂದ್ರೆ ನೀನು ಏನು ಹಾಕ್ತೀಯೋ ಅಂತ ಭಯ.”

“ನಾನು ತಿಂದು ತೋರಿಸ್ತಿದ್ದೆನಲ್ಲ, ದಿನಾ?”

“ತೋರಿಸ್ತಿದ್ದೆ. ಆದ್ರೂ ಭಯ ಹೋಗ್ಲಿಲ್ಲ. ನೂರು ಎಣಿಸಿದ್ಮೇಲೂ ಹಾಗೇ ಇರ್ತಿತ್ತು. ಒಂದು ದಿನವೂ ಹೋಗ್ಲಿಲ್ಲ ಮರಿ.”

ಅವನ ಕೈ ತಟ್ಟೆಯ ಮೇಲೇ ನಿಂತಿತು. “ಮತ್ತೆ ಯಾಕೆ ತಿಂತಿದ್ದ್ಯೇ?”

“ನಾನು ತಿನ್ನೋವರೆಗೂ ನೀನು ನಿನ್ನ ತಟ್ಟೆ ಮುಟ್ತಿರ್ಲಿಲ್ವಲ್ಲೋ,” ಎಂದಳು ಅಕ್ಕ. “ಹಸ್ಕೊಂಡು ಕೂತಿರ್ತಿದ್ದೆ ನೀನು.”